ಅಡಿಕೆ ದಬ್ಬೆ ಹಾಕಿ ಮೀನಿನ ಹೇನು ಇಳಿಸಿದ್ದು: ನನ್ನ ಅನುಭವ

ರೋಹು ಮೀನು ಸಾಕುವವರಿಗೆ ಅರ್ಗುಲಸ್, ಅಂದರೆ ಮೀನಿನ ಮೈಗೆ ಅಂಟಿ ರಕ್ತ ಹೀರುವ ಹೇನು, ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಅದನ್ನು ಅಡಿಕೆ ದಬ್ಬೆಯಿಂದ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಯಿಂದ, ಹತೋಟಿಗೆ ತರುತ್ತೇನೆ ಎಂದಾಗ ನಮ್ಮ ಚನ್ನಗಿರಿ ಕಡೆ ನಗದವರು ಕಡಿಮೆ. ‘ದಬ್ಬೆಯಲ್ಲಿ ಹೇನು ಹಿಡಿಯುತ್ತೀರಂತೆ ಗೌಡರೇ, ನಮ್ಮ ಎಮ್ಮೆಗೂ ಒಂದು ದಬ್ಬೆ ಕಟ್ಟಿಕೊಡಿ’ ಎಂದವರೂ ಇದ್ದಾರೆ. ಎರಡು ಬೆಳೆ ತೆಗೆದಾಯಿತು, ಈಗ ನಗುವವರಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು ಒಂದೂವರೆ ಎಕರೆಯ ಮಣ್ಣಿನ ಹೊಂಡ. ನೀರು ಭದ್ರಾ ಬಲದಂಡೆ ನಾಲೆಯದ್ದು. ಕಾಟ್ಲಾ, ರೋಹು, ಮೃಗಾಲ್, ಜೊತೆಗೆ ಒಂದಿಷ್ಟು ಹುಲ್ಲುಗೆಂಡೆ. ಹೇನು ಬಂದದ್ದು ಮಧ್ಯವರ್ತಿಯೊಬ್ಬರು ಹೊರರಾಜ್ಯದಿಂದ ತರಿಸಿಕೊಟ್ಟ ಮರಿಗಳ ಜೊತೆಗೋ, ನಾಲೆಯಲ್ಲಿ ತೇಲಿ ಬಂದ ಕಾಡುಮೀನಿನ ಜೊತೆಗೋ, ಇವತ್ತಿಗೂ ಜಗಳ ಬಗೆಹರಿದಿಲ್ಲ. ನಾನು ಮರಿಯ ಮೇಲೆ ಹೇಳುತ್ತೇನೆ, ಅವರು ನಾಲೆಯ ಮೇಲೆ ಹಾಕುತ್ತಾರೆ.

ಮೊದಲ ವರ್ಷ ಎಲ್ಲರಂತೆ ನಾನೂ ಔಷಧ ಹಾಕಿದೆ. ಡೆಲ್ಟಾಮೆಥ್ರಿನ್, ಆಮೇಲೆ ಸೈಪರ್‌ಮೆಥ್ರಿನ್, ಎರಡೂ ಕೀಟನಾಶಕಗಳೇ. ಒಂದು ಸುತ್ತಿಗೆ ಕೂಲಿ, ತೆಪ್ಪ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಆಗುತ್ತಿತ್ತು. ಹಾಕಿದ ಮೂರನೆಯ ದಿನ ಬಲೆ ಎಳೆದರೆ ಮೀನು ಸ್ವಚ್ಛ, ಎಲ್ಲರಿಗೂ ಸಂತೋಷ. ಇಪ್ಪತ್ತು ದಿನ ಕಳೆದರೆ ಮತ್ತೆ ಮೀನು ಮೈ ಉಜ್ಜುತ್ತಾ ನೀರಿನಿಂದ ಮೇಲೆ ಹಾರುತ್ತಿತ್ತು. ಆ ವರ್ಷ ಔಷಧಕ್ಕೇ ಹದಿನೈದು ಸಾವಿರ ಮುಟ್ಟಿರಬೇಕು. ಪಕ್ಕದ ಸಣ್ಣ ಗುಂಡಿಯಲ್ಲಿ ಬಿಟ್ಟಿದ್ದ ಸಿಹಿನೀರಿನ ಸೀಗಡಿಗೆ ಆ ನೀರು ಬಸಿದು ಒಂದೇ ರಾತ್ರಿಯಲ್ಲಿ ಎಲ್ಲವೂ ಹೋದವು. ಅದರ ನಷ್ಟ ಬೇರೆ. ಕೊನೆಗೆ ಮೀನು ಹಿಡಿದಾಗ ಮೈಮೇಲೆ ಕೆಂಪು ಚುಕ್ಕೆ ನೋಡಿದ ವ್ಯಾಪಾರಿ ನೂರಿಪ್ಪತ್ತರ ರೋಹುವಿಗೆ ಎಪ್ಪತ್ತು ಕೊಡುತ್ತೇನೆ ಎಂದ. ಬೇಡ ಎಂದರೆ ಮೀನು ಕೊಳೆಯುತ್ತದೆ, ಕೊಟ್ಟೆ.

ಔಷಧದಿಂದ ಸಾಯುವುದು ಓಡಾಡುವ ಹೇನು. ಮೊಟ್ಟೆಗೆ ಏನೂ ಆಗುವುದಿಲ್ಲ. ಇದು ನನಗೂ ಗೊತ್ತಿತ್ತು, ನಿಮಗೂ ಗೊತ್ತಿದೆ. ಆದರೆ ಮೊಟ್ಟೆ ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ. ನನಗೆ ಅದು ಕಂಡದ್ದು ಹೊಂಡ ಬತ್ತಿಸಿದಾಗ. ರಾತ್ರಿ ಬಲೆ ಎಳೆಯುವ ಕಳ್ಳರಿಗೆ ಸಿಗಬಾರದು ಎಂದು ನಾವೆಲ್ಲ ಬಿದಿರಿನ ಗಳ, ಜಾಲಿಮುಳ್ಳು ಊರುತ್ತೇವಲ್ಲ, ಆ ಬಿದಿರಿನ ಗಳಗಳ ಮೇಲೆ ನೀರಿನ ಮಟ್ಟಕ್ಕಿಂತ ಕೆಳಗೆ ಸಾಲುಸಾಲು ಅಂಟು. ಉಗುರಿನಿಂದ ಕೆರೆದು ಭೂತಗನ್ನಡಿಯಲ್ಲಿ ನೋಡಿದರೆ ಸಾಲಿನಲ್ಲಿ ಜೋಡಿಸಿಟ್ಟ ಮೊಟ್ಟೆಗಳು. ಕೆಲವು ಹಳದಿ, ಕೆಲವು ಕಂದು. ಕಂದಾದವುಗಳ ಒಳಗೆ ಎರಡು ಕರಿ ಚುಕ್ಕೆ, ಅವು ಮರಿಯ ಕಣ್ಣು. ಒಡೆದು ಹೋದವು ಬರೀ ಬಿಳಿಯ ಸಿಪ್ಪೆ. ಹೆಣ್ಣು ಹೇನು ಮೀನನ್ನು ಬಿಟ್ಟು ಈಜಿ ಬಂದು ಗಟ್ಟಿ ವಸ್ತುವಿನ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಕೆಸರಿನಲ್ಲಿ ಅಂಟಿಸಲು ಆಗುವುದಿಲ್ಲ. ಮಣ್ಣಿನ ಹೊಂಡದಲ್ಲಿ ಗಟ್ಟಿ ವಸ್ತು ಎಂದರೆ ನಾವೇ ಊರಿದ ಗಳ.

ಅಲ್ಲಿಂದ ಮುಂದಿನದು ಲೆಕ್ಕ. ಗಳ, ಮುಳ್ಳು, ಕಲ್ಲು, ಹಳೆಯ ತೆಂಗಿನ ಗರಿ ಎಲ್ಲವನ್ನೂ ತೆಗೆದುಹಾಕಿ, ಹೇನಿಗೆ ನಾನು ಕೊಟ್ಟ ಜಾಗ ಬಿಟ್ಟರೆ ಬೇರೆ ಜಾಗವಿಲ್ಲದಂತೆ ಮಾಡುವುದು. ಆ ಜಾಗವನ್ನು ಮೊಟ್ಟೆ ಒಡೆಯುವ ಮೊದಲೇ ಎತ್ತಿ ಒಣಗಿಸುವುದು. ಮೀನುಗಾರಿಕೆ ಓದುವ ಹುಡುಗನೊಬ್ಬ ಬಂದಿದ್ದಾಗ, ಬ್ರಿಟನ್ನಿನ ಟ್ರೌಟ್ ಕೊಳಗಳಲ್ಲಿ ಹಲಗೆ ಇಳಿಬಿಟ್ಟು ಇದನ್ನೇ ಮಾಡಿದ್ದಾರೆ ಎಂದ. ಅವರು ಮಾಡಿದ್ದರೆ ನಾವು ಮಾಡಲು ಏನು ಅಡ್ಡಿ? ಮುಳ್ಳು ತೆಗೆದರೆ ಕಳ್ಳರ ಭಯ, ಅದೊಂದೇ. ಅದಕ್ಕೆ ಒಂದು ದೀಪ, ಒಂದು ನಾಯಿ.

ಮೊದಲು ಮಂಗಳೂರು ಹೆಂಚು ಕಟ್ಟಿ ಇಳಿಬಿಟ್ಟೆ. ಮೊಟ್ಟೆ ಚೆನ್ನಾಗಿಯೇ ಬಿತ್ತು, ಆದರೆ ಎತ್ತುವಾಗ ಹಗ್ಗ ಕಡಿದು ಅರ್ಧದಷ್ಟು ತಳ ಸೇರಿದವು. ತಳ ಸೇರಿದ ಹೆಂಚು ಮತ್ತೆ ಹೇನಿನ ಮನೆಯೇ. ಮುಳುಗಿ ಹುಡುಕಿ ತೆಗೆಯಲು ಒಂದು ದಿನದ ಕೂಲಿ. ಪ್ಲಾಸ್ಟಿಕ್ ಶೀಟು ಹಗುರ, ಗಾಳಿಗೆ ಒಂದರ ಮೇಲೊಂದು ಸುತ್ತಿಕೊಳ್ಳುತ್ತದೆ. ದಬ್ಬೆ ನಮ್ಮಲ್ಲಿ ಪುಕ್ಕಟೆ. ಬಿದ್ದ ಮರ ಸೀಳಿದರೆ ಆಯಿತು. ನಾಲ್ಕಡಿ ಉದ್ದ ಕತ್ತರಿಸಿ, ಕೆಳತುದಿಗೆ ಕಲ್ಲು ಕಟ್ಟಿ, ತೇಲುವ ಖಾಲಿ ಡಬ್ಬಗಳ ಸಾಲಿಗೆ ನೇತುಹಾಕಿದೆ. ಎಪ್ಪತ್ತು ಎಂಬತ್ತು ದಬ್ಬೆ ಇರಬಹುದು. ಅಷ್ಟೇ ಇನ್ನೊಂದು ಜೊತೆ ದಡದಲ್ಲಿ. ಎಷ್ಟು ಆಳಕ್ಕೆ ಬಿಟ್ಟರೆ ಹೆಚ್ಚು ಮೊಟ್ಟೆ ಬೀಳುತ್ತದೆ, ಹೊಂಡದ ಯಾವ ಮೂಲೆಯಲ್ಲಿ ಕಟ್ಟಬೇಕು, ದಬ್ಬೆಯನ್ನು ನೀರಿಗಿಳಿಸುವ ಮೊದಲು ಏನು ಮಾಡಬೇಕು, ಈ ಮೂರನ್ನು ಇಲ್ಲಿ ಬರೆಯುವುದಿಲ್ಲ. ಹೊಂಡಕ್ಕೆ ಬಂದು ನೋಡಿದವರಿಗೆ ಕಾಣುತ್ತದೆ.

ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಎತ್ತಲೇಬೇಕು. ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಎರಡು ವಾರದ ಆಚೀಚೆ ಒಡೆಯುತ್ತದೆ, ಅದಕ್ಕಿಂತ ಮೊದಲೇ ಮೇಲಿರಬೇಕು. ಚಳಿಗಾಲದಲ್ಲಿ ತಡವಾದರೂ ನಡೆಯುತ್ತದೆ. ಎತ್ತಿದ ದಬ್ಬೆಯನ್ನು ಕೆರೆಯುವ ಗೋಜಿಗೆ ಹೋಗಬೇಡಿ, ನಾರಿನ ಸಂದಿಯಲ್ಲಿ ಉಳಿಯುತ್ತದೆ. ಕಣದಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಮೂರು ನಾಲ್ಕು ಬಿಸಿಲು ಕೊಟ್ಟರೆ ಮೊಟ್ಟೆ ಮುರುಟಿ ಹೋಗುತ್ತದೆ. ಏರಿಯ ಮೇಲೆಯೇ ಒಣಗಿಸಬೇಡಿ, ಮಳೆ ಬಂದರೆ ಎಲ್ಲ ಮತ್ತೆ ಒಳಗೆ. ನಮ್ಮ ಮನೆಯ ಕೋಳಿಗಳು ಎರಡನೆಯ ಸುತ್ತಿಗೇ ರುಚಿ ಕಂಡುಕೊಂಡವು. ದಬ್ಬೆ ಕಣಕ್ಕೆ ಬರುವುದೇ ತಡ, ಮುತ್ತಿಕೊಳ್ಳುತ್ತವೆ.

ಮೊದಲ ಎರಡು ತಿಂಗಳು ಏನೂ ಕಾಣುವುದಿಲ್ಲ. ಬಿಡುವವರೆಲ್ಲ ಇಲ್ಲೇ ಬಿಡುತ್ತಾರೆ. ಮೀನಿನ ಮೇಲಿರುವ ದೊಡ್ಡ ಹೇನು ಇನ್ನೂ ಅಲ್ಲೇ ಇರುತ್ತದಲ್ಲ. ನಾನು ಶುರುವಿನಲ್ಲಿ ಒಂದೇ ಒಂದು ಸಲ ಔಷಧ ಹಾಕಿ ದೊಡ್ಡವನ್ನು ಇಳಿಸಿ, ಆಮೇಲೆ ದಬ್ಬೆಯ ಮೇಲೆ ಬಿಟ್ಟೆ. ಮುಂಚೆ ಒಂದು ರೋಹುವಿಗೆ ಇಪ್ಪತ್ತು, ಮೂವತ್ತು ಹೇನು ಎಣಿಸಿದ್ದೆ. ಮಳೆಗಾಲದ ಹೊತ್ತಿಗೆ ನಾಲ್ಕೈದು. ಎರಡನೆಯ ಬೆಳೆಗೆ ಔಷಧವೇ ಇಲ್ಲ, ಆದರೂ ಹತ್ತು ಮೀನು ಹಿಡಿದರೆ ಎಲ್ಲ ಸೇರಿ ಅಷ್ಟು. ಒಂಬೈನೂರು ಕಿಲೋ ದಾಟದಿದ್ದ ಹೊಂಡದಲ್ಲಿ ಹತ್ತಿರಹತ್ತಿರ ಹದಿನೇಳು ಕ್ವಿಂಟಾಲ್ ಬಂತು. ತೌಡು, ಕಡಲೆಕಾಯಿ ಹಿಂಡಿಯ ಅಳತೆ ಅದೇ, ತಿನ್ನುವ ಮೀನು ಸರಿಯಾಗಿ ತಿಂದಿತು. ದಬ್ಬೆಗೆ ಆದ ಖರ್ಚು ಹಗ್ಗ, ಡಬ್ಬ, ಎತ್ತಿ ಇಳಿಸುವ ಕೂಲಿ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಸಾವಿರ. ಚುಕ್ಕೆ ನೋಡಿ ಎಪ್ಪತ್ತು ಎಂದ ಅದೇ ವ್ಯಾಪಾರಿ ಈ ಸಲ ಬೆಳಗಿನ ಜಾವವೇ ತಕ್ಕಡಿ ತಂದು ನಿಂತಿದ್ದ.

ನಡುವೆ ಮಾಡಿದ ಇತರ ಕಸರತ್ತುಗಳೂ ಇವೆ. ತಂಬಾಕಿನ ಕಷಾಯವನ್ನು ತೊಟ್ಟಿಯಲ್ಲಿ ನೋಡಿದೆ, ಹೇನಿಗಿಂತ ಮೊದಲು ಮೀನು ಮಗುಚಿತು. ಬೇವಿನ ಸೊಪ್ಪಿನ ಕಟ್ಟು ಹಾಕಿದ್ದಕ್ಕೆ ನೀರು ಕಪ್ಪಾಗಿ, ಬೆಳಿಗ್ಗೆ ಮೀನು ಬಾಯಿ ಮೇಲಿಟ್ಟು ಗಾಳಿ ಕುಡಿಯತೊಡಗಿತು. ಹೇನು ಹಾಗೇ ಇತ್ತು. ಮೇವಿಗೆ ಬೆಳ್ಳುಳ್ಳಿ, ಅರಿಸಿನ ಬೆರೆಸಿದ್ದರಿಂದ ಗಾಯ ಬೇಗ ಒಣಗಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ, ನನಗೆ ಅಷ್ಟು ನಂಬಿಕೆಯಿಲ್ಲ. ಉಪ್ಪುನೀರಿನಲ್ಲಿ ಅದ್ದಿದರೆ ಕೆಲವು ಉದುರುತ್ತವೆ, ಗಟ್ಟಿಯಾಗಿ ಕೂತವು ಕೂತೇ ಇರುತ್ತವೆ. ಆದರೂ ಮರಿ ಬಿಡುವಾಗ ಅದನ್ನು ತಪ್ಪಿಸುವುದಿಲ್ಲ. ಒಳಹರಿವಿಗೆ ಸಣ್ಣ ಕಣ್ಣಿನ ಬಲೆಯನ್ನೂ ಎರಡು ಪದರ ಮಾಡಿದ್ದೇನೆ.

ಚಳಿಗಾಲದಲ್ಲಿ ಬರುವ ಹುಣ್ಣಿನ ರೋಗಕ್ಕೂ ಇದಕ್ಕೂ ಗೊಂದಲ ಮಾಡಿಕೊಂಡು ಕೆಲವರು ಫೋನ್ ಮಾಡುತ್ತಾರೆ. ಅದು ಶಿಲೀಂಧ್ರದಂಥ ಜೀವಿಯಿಂದ ಬರುವುದು. ಅದಕ್ಕೆ ಸುಣ್ಣ, ಭುವನೇಶ್ವರದ ಸಿಹಿನೀರು ಮೀನುಸಾಕಣೆ ಸಂಸ್ಥೆಯವರು ತಯಾರಿಸಿದ ಸಿಫಾಕ್ಸ್ ಎಂಬ ಔಷಧ ಇದೆ. ಹೇನಿಗೆ ಅದನ್ನು ಸುರಿದು ದುಡ್ಡು ಕಳೆಯಬೇಡಿ.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಸೂಳೆಕೆರೆಯಂಥ ಕಲ್ಲುಕಟ್ಟಣೆಯ ದೊಡ್ಡ ಕೆರೆ ಗುತ್ತಿಗೆ ಹಿಡಿದವರಿಗೆ ಉಪಯೋಗವಿಲ್ಲ, ಅಲ್ಲಿ ಪ್ರತಿ ಕಲ್ಲೂ ಹೇನಿಗೆ ದಬ್ಬೆಯೇ. ಟಾರ್ಪಾಲಿನ ಕೃಷಿಹೊಂಡದಲ್ಲಿ ಗೋಡೆಯೇ ಮೊಟ್ಟೆ ಹಿಡಿಯುತ್ತದೆ. ನನ್ನ ಭಾವನ ಹೊಂಡ ಅಂಥದ್ದು. ಅಲ್ಲಿ ದಬ್ಬೆಯನ್ನು ಕೈಬಿಟ್ಟು, ಹತ್ತು ದಿನಕ್ಕೊಮ್ಮೆ ನೀರನ್ನು ಎರಡಡಿ ತೋಟಕ್ಕೆ ಹರಿಸಿ ಗೋಡೆಗೆ ಬಿಸಿಲು ಕಾಣಿಸಿ ಮತ್ತೆ ತುಂಬಿಸುತ್ತಿದ್ದೇವೆ. ಕೊಳವೆಬಾವಿಯ ಕರೆಂಟು ಸರಿಯಾಗಿ ಸಿಕ್ಕಿದ ವಾರಗಳಲ್ಲಿ ಹೇನು ಇಳಿದಿದೆ, ಸಿಗದ ವಾರಗಳಲ್ಲಿ ಏರಿದೆ. ಸೋಲಾರ್ ಪಂಪು ಹಾಕಿಸಿಕೋ ಎಂದರೆ ಭಾವ ಮೊದಲು ಮೀನಿನ ದುಡ್ಡು ಬರಲಿ ಎನ್ನುತ್ತಾನೆ.