ಹೋಟೆಲ್ ರೂಮಿನಲ್ಲಿ ಹತ್ತು ನಿಮಿಷ

ಮೊದಲು ನನ್ನ ಬ್ಯಾಗು ಹೇಗಿರುತ್ತಿತ್ತು ಅಂತ ಹೇಳಿಬಿಡುತ್ತೇನೆ. ಯೋಗದ ಮ್ಯಾಟು, ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ, ಸ್ಕಿಪ್ಪಿಂಗ್ ಹಗ್ಗ, ಪ್ರೋಟೀನ್ ಪುಡಿಯ ಡಬ್ಬಿ, ಅದನ್ನು ಕಲಕೋಕೆ ಬೇರೆ ಬಾಟಲಿ. ಇಷ್ಟೇ ಸುಮಾರು ಮೂರು ಕಿಲೋ. ಬಟ್ಟೆ ಆಮೇಲಿನ ಮಾತು. ಐದು ದಿನ ಬಿಟ್ಟು ವಾಪಸ್ ಬಂದು ಬ್ಯಾಗ್ ಬಿಚ್ಚಿದರೆ ಮ್ಯಾಟಿಗೆ ಕಟ್ಟಿದ ದಾರ ಕೂಡ ಕಟ್ಟಿದ ಹಾಗೇ ಇರುತ್ತಿತ್ತು. ಒಂದು ಸಲ ನಮ್ಮನೆಯವರು ಎಲ್ಲವನ್ನೂ ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟು, "ಇವಕ್ಕೆಲ್ಲ ಊರು ತೋರಿಸಿಕೊಂಡು ಬಂದ್ಯಾ?" ಅಂದರು. ನಗು ಬಂತು, ಸಿಟ್ಟೂ ಬಂತು.

ನನ್ನ ಕೆಲಸ ಯಂತ್ರ ಕೊಂಡವರ ಹತ್ತಿರ ಹೋಗಿ ಅದನ್ನು ನಡೆಸೋದು ಹೇಗೆ ಅಂತ ಹೇಳಿಕೊಡುವುದು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಮನೆಯಿಂದ ಹೊರಗೆ. ರೈಲು, ವಿಮಾನ, ಕೆಲವೊಮ್ಮೆ ರಾತ್ರಿ ಬಸ್ಸು. ಹೀಗೆ ಒಂಬತ್ತು ವರ್ಷ ಆಯಿತು. ಮೊದಲ ನಾಲ್ಕೈದು ವರ್ಷ ನಾನು ಮನೆಯಲ್ಲಿದ್ದಾಗ ಬಹಳ ಶಿಸ್ತಿನವಳು, ಬಾಗಿಲು ದಾಟಿದ ಕೂಡಲೇ ಬೇರೆಯವಳೇ. ಸಿಕ್ಕಿದ್ದು ತಿನ್ನೋದು, ಹನ್ನೆರಡಕ್ಕೆ ಮಲಗೋದು, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳೋದು. ನನಗೆ ಮನೋಬಲ ಇಲ್ಲ ಅಂತಲೇ ಅಂದುಕೊಂಡಿದ್ದೆ.

ಅದು ಮನೋಬಲದ ವಿಷಯವೇ ಅಲ್ಲ ಅಂತ ತಿಳಿಯೋಕೆ ತುಂಬ ದಿನ ಹಿಡಿಯಿತು. ಮನೆಯಲ್ಲಿ ನನ್ನನ್ನು ನಡೆಸುತ್ತಿದ್ದದ್ದು ಮನೆ. ಬಾಗಿಲ ಪಕ್ಕ ಶೂ ಕಣ್ಣಿಗೆ ಬೀಳುತ್ತದೆ, ಕಾಲು ತಾನಾಗೇ ಅದರೊಳಗೆ ಹೋಗುತ್ತದೆ. ಊಟ ಆದ ಕೂಡಲೇ ನೀರಿನ ಜಗ್ ಎದುರಿಗಿರುತ್ತದೆ. ಹೋಟೆಲ್ ರೂಮಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಮೊದಲು ಕಣ್ಣಿಗೆ ಬೀಳೋದು ಮಂಚ, ಆಮೇಲೆ ಟೀವಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಮಾಡಿದ, 2009ರಲ್ಲಿ ಹೊರಬಂದ ಒಂದು ಅಧ್ಯಯನ ಇದೆ. ಒಂದು ಕೆಲಸ ಅಭ್ಯಾಸವಾಗಿ ಕೂರೋಕೆ ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18 ಸಾಕಾಯಿತು, ಕೆಲವರಿಗೆ ಇನ್ನೂರು ದಾಟುವ ಅಂದಾಜು. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ ಎರಡು ವಿಷಯ. ಅವರೆಲ್ಲ ತಮ್ಮ ಕೆಲಸವನ್ನು ದಿನದ ಯಾವುದಾದರೂ ಒಂದು ಗುರುತಿಗೆ ಕಟ್ಟಿಕೊಂಡಿದ್ದರು, "ತಿಂಡಿ ಆದ ಮೇಲೆ" ಅನ್ನೋ ಥರ. ಮತ್ತೆ ಮಧ್ಯೆ ಒಂದು ದಿನ ತಪ್ಪಿಹೋದರೆ ಅಂಥಾ ನಷ್ಟವೇನೂ ಆಗಲಿಲ್ಲ.

ಹಾಗಾದರೆ ನನ್ನ ಜೊತೆ ಎಲ್ಲ ಊರಿಗೂ ಬರುವ ಗುರುತು ಯಾವುದು ಅಂತ ಹುಡುಕಿದೆ. ಹಲ್ಲುಜ್ಜೋದು! ಅದೊಂದನ್ನು ಯಾವ ಊರಲ್ಲೂ ಬಿಟ್ಟವಳಲ್ಲ.

ಈಗ ಬೆಳಿಗ್ಗೆ ಹಲ್ಲುಜ್ಜಿ ಬ್ರಶ್ ಕೆಳಗಿಟ್ಟರೆ ಮುಂದಿನ ಹತ್ತು ನಿಮಿಷ ಮೈಯದ್ದು. ಫೋನ್ ಮುಟ್ಟೋದಿಲ್ಲ. ಹಿಂದಿನ ರಾತ್ರಿಯೇ ಅದನ್ನು ಬಾತ್‌ರೂಮ್ ಹತ್ತಿರದ ಪ್ಲಗ್ಗಿಗೆ ಹಾಕಿರುತ್ತೇನೆ, ಅಲಾರಂ ನಿಲ್ಲಿಸೋಕೆ ಏಳಲೇಬೇಕು, ಎದ್ದ ಮೇಲೆ ಬ್ರಶ್ ಕೈಗೆ ಸಿಗುತ್ತದೆ. ದೊಡ್ಡ ಟವೆಲ್ ನೆಲಕ್ಕೆ ಹಾಸುತ್ತೇನೆ. ಇಪ್ಪತ್ತು ಬಸ್ಕಿ, ಮೇಜಿಗೆ ಕೈಯೂರಿ ಹತ್ತು ದಂಡ, ಹಿಮ್ಮಡಿ ಎತ್ತಿ ಇಳಿಸೋದು ಇಪ್ಪತ್ತು, ಮಲಗಿ ಸೊಂಟ ಎತ್ತೋದು, ಮಂಡಿ ಎದೆಗೆ ತಂದು ಬೆನ್ನು ಸಡಿಲ ಮಾಡೋದು, ಮತ್ತೆ ಮೊದಲಿಂದ. ಅಷ್ಟೇ. (ಮೇಜಿಗೆ ಚಕ್ರ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನನ್ನ ಗಲ್ಲಕ್ಕೆ ಈ ಪಾಠ ಆಗಿದೆ.) ಮನೆಯಲ್ಲಿ ನಾನು ಮುಕ್ಕಾಲು ಗಂಟೆ ಮಾಡುತ್ತೇನೆ, ಅದನ್ನು ಇಲ್ಲಿಗೆ ತರೋಕೆ ಹೋಗೋದಿಲ್ಲ. ವಾರಕ್ಕೆ ಕಮ್ಮಿ ಅಂದರೂ 150 ನಿಮಿಷ ಮೈಗೆ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಚುರುಕಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಗೇಟಿನಿಂದ ಗೇಟಿಗೆ ಬ್ಯಾಗ್ ಎಳೆದುಕೊಂಡು ಓಡಿದ್ದನ್ನು ನಾನು ಧಾರಾಳವಾಗಿ ಸೇರಿಸಿಕೊಳ್ಳುತ್ತೇನೆ.

ಹತ್ತು ಸಾವಿರ ಹೆಜ್ಜೆಯ ಹುಚ್ಚು ನನಗೂ ಇತ್ತು. ಕೈಗಡಿಯಾರ 8,400 ತೋರಿಸಿದರೆ ರಾತ್ರಿ ಹನ್ನೊಂದಕ್ಕೆ ರೂಮಿನೊಳಗೇ ಗೋಡೆಯಿಂದ ಗೋಡೆಗೆ ಬೋನಿನ ಪ್ರಾಣಿ ಥರ ತಿರುಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಆ ಸಂಖ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರೇ "ಮಾನ್‌ಪೊ‌ಕೇ", ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಹರಡಿದ್ದು ಅದು. ಅವತ್ತಿಂದ ರಾತ್ರಿ ಹನ್ನೊಂದಕ್ಕೆ ಮಲಗುತ್ತೇನೆ.

ಹೊರಗೆ ವಾಕಿಂಗ್ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಗೊತ್ತಿಲ್ಲದ ಊರು, ಬೆಳಿಗ್ಗೆ ಐದೂವರೆ, ಬೀದಿ ದೀಪ ಇಲ್ಲ, ಒಬ್ಬಳೇ. ಆಗೋದಿಲ್ಲ. ಅದಕ್ಕೆ ಮೆಟ್ಟಿಲು ಹತ್ತೋಣ ಅಂದುಕೊಂಡೆ. ಒಂದು ಹೋಟೆಲಿನಲ್ಲಿ ಆರನೇ ಮಹಡಿ ನನ್ನದು. ಬೆಳಿಗ್ಗೆ ರೂಮಿನ ಪಕ್ಕದಲ್ಲೇ ಇದ್ದ ಬೆಂಕಿ ಬಿದ್ದಾಗ ಬಳಸುವ ಮೆಟ್ಟಿಲಿನ ಬಾಗಿಲು ತಳ್ಳಿ ಒಳಗೆ ಹೋದೆ, ಹಿಂದೆ ಬಾಗಿಲು "ಟಕ್" ಅಂತ ಮುಚ್ಚಿಕೊಂಡಿತು. ಎರಡು ಮಹಡಿ ಇಳಿದು ಮತ್ತೆ ಹತ್ತಿ ಬಂದು ನೋಡುತ್ತೇನೆ, ಈ ಕಡೆಯಿಂದ ಹಿಡಿಕೆಯೇ ಇಲ್ಲ. ಐದನೇ ಮಹಡಿಯದ್ದೂ ಹಾಗೇ, ನಾಲ್ಕರದ್ದೂ ಹಾಗೇ. ಫೋನ್ ರೂಮಿನಲ್ಲಿ. ಕೊನೆಗೆ ಕೆಳಗಿನವರೆಗೂ ಇಳಿದು ಬಾಗಿಲು ತಳ್ಳಿದರೆ ಹೊರಗೆ ಬಂದದ್ದು ಹೋಟೆಲಿನ ಹಿತ್ತಿಲಿಗೆ, ಗ್ಯಾಸ್ ಸಿಲಿಂಡರ್‌ಗಳ ಮಧ್ಯೆ. ತರಕಾರಿ ತೊಳೆಯುತ್ತಿದ್ದ ಹುಡುಗ ರಾತ್ರಿ ಪೈಜಾಮದಲ್ಲಿ ಬೆವರುತ್ತಾ ನಿಂತ ನನ್ನನ್ನು ನೋಡಿ, "ಮೇಡಂ, ತಿಂಡಿ ಏಳು ಗಂಟೆಗೆ" ಅಂದ. ಅದಕ್ಕೇ ಹೇಳುತ್ತೇನೆ, ಇಂಥ ಮೆಟ್ಟಿಲುಗಳ ಬಾಗಿಲು ಎಷ್ಟೋ ಕಡೆ ಹೊರಗೆ ಹೋಗೋಕೆ ಮಾತ್ರ ತೆರೆಯುತ್ತದೆ. ಈಗ ಎಲ್ಲರೂ ಓಡಾಡುವ ಮೆಟ್ಟಿಲಿದ್ದರೆ ಅದು, ಇಲ್ಲದಿದ್ದರೆ ಕಾರಿಡಾರ್. ಕಾರಿಡಾರಿನಲ್ಲಿ ಹದಿನೈದು ಸುತ್ತು ಹಾಕಿದರೆ ಯಾರೂ ಏನೂ ಕೇಳೋದಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೆಂಗಸರು ಜಾಸ್ತಿ ಓದಬೇಕು. ದಾರಿಯಲ್ಲಿ ಶೌಚಾಲಯ ಹೇಗಿರುತ್ತದೋ ಅಂತ ನಾನು ಪ್ರಯಾಣದ ದಿನ ನೀರೇ ಕುಡಿಯುತ್ತಿರಲಿಲ್ಲ. ಒಂದು ಗುಟುಕು, ತುಟಿ ಒದ್ದೆ ಆದರೆ ಸಾಕು. ಬಂದರೂ ತಡೆದುಕೊಳ್ಳೋದು. ಒಂದು ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು ಆಯಿತು. ಮೂರನೇ ಸಲ ಚಳಿ ಜ್ವರ ಬಂದು, ಮರುದಿನದ ತರಬೇತಿ ರದ್ದು ಮಾಡಿ, ಗುರುತಿಲ್ಲದ ಊರಿನ ಡಾಕ್ಟರ ಮುಂದೆ ಕೂತೆ. ಅವರು ಮಾತ್ರೆ ಬರೆಯುವ ಮುಂಚೆ ಕೇಳಿದ್ದು ಒಂದೇ: "ಅಮ್ಮಾ, ದಿನಕ್ಕೆ ಎಷ್ಟು ಸಲ ಹೋಗ್ತೀರಾ?" ಎರಡು ಅಂದೆ. ಅವರು ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದರು.

ಆಮೇಲೆ ಓದಿದೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನೀರು ಕಮ್ಮಿ ಕುಡಿಯುತ್ತಿದ್ದ, ಪದೇ ಪದೇ ಈ ಸೋಂಕು ಬರುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿಯೋಕೆ ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸೋಂಕು ಬಂದದ್ದು ಉಳಿದವರಿಗಿಂತ ಹತ್ತಿರ ಹತ್ತಿರ ಅರ್ಧ. ಈಗ ನನ್ನ ನಿಯಮ ಸರಳ. ಶೌಚಾಲಯ ಚೆನ್ನಾಗಿದ್ದರೆ ಬೇಕಿರಲಿ ಬಿಡಲಿ ಹೋಗಿ ಬರೋದು, ಹೊರಗೆ ಬಂದ ಕೂಡಲೇ ಬಾಟಲಿ ತೆಗೆದು ಕುಡಿಯೋದು. ಬ್ಯಾಗಿನಲ್ಲಿ ಟಿಶ್ಯೂ, ಕಾಗದ ಸೋಪು, ಹೆಂಗಸರು ನಿಂತೇ ಮೂತ್ರ ಮಾಡೋಕೆ ಬಳಸಿ ಬಿಸಾಡುವ ಕೊಳವೆ. ಪ್ರೋಟೀನ್ ಡಬ್ಬಿಯ ಜಾಗದಲ್ಲಿ ಈಗ ಇವಿವೆ.

ಮಲಬದ್ಧತೆ ಬಗ್ಗೆಯೂ ಯಾರೂ ಮಾತಾಡೋದಿಲ್ಲ, ಆದರೆ ಎಲ್ಲರಿಗೂ ಆಗುತ್ತದೆ, ಅಲ್ವಾ? ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಿಗ್ಗೆ ಅದು ಜೋರು. ಆ ಹೊತ್ತಿಗೆ ನಾವು ಟ್ಯಾಕ್ಸಿಯಲ್ಲಿ ಕೂತಿರುತ್ತೇವೆ. ನಾನು ಮಾಡಿದ ಬದಲಾವಣೆ ಇಷ್ಟೇ: ತಿಂಡಿಯನ್ನು ಹೊರಡೋಕೆ ನಲವತ್ತು ನಿಮಿಷ ಮೊದಲು ಮುಗಿಸಿ ರೂಮಿಗೆ ವಾಪಸ್ ಬರುತ್ತೇನೆ. ಯಾವ ಚೂರ್ಣಕ್ಕಿಂತಲೂ ಇದು ಹೆಚ್ಚು ಕೆಲಸ ಮಾಡಿದೆ.

ಊಟದಲ್ಲಿ ನಾನು ಅಂಥಾ ಸಂತಳೇನಲ್ಲ. ಹೊಸ ಊರಿಗೆ ಹೋಗಿ ಅಲ್ಲಿನ ರುಚಿ ನೋಡದೆ ಬರೋದು ನನಗೆ ಸರಿ ಕಾಣೋದಿಲ್ಲ. ದಿನಕ್ಕೆ ಒಂದು ಹೊತ್ತು ಮನಸ್ಸಿಗೆ ಬಂದದ್ದು, ಉಳಿದದ್ದು ಸಪ್ಪೆ. ಬಫೆಯಲ್ಲಿ ತಟ್ಟೆ ತೆಗೆದುಕೊಳ್ಳದೆ ಬರೀ ಕೈಯಲ್ಲಿ ಒಂದು ಸುತ್ತು ಬರುತ್ತೇನೆ, ಆಮೇಲೆ ತಟ್ಟೆ. ನನ್ನ ನಿಜವಾದ ಶತ್ರು ಬಫೆ ಅಲ್ಲ, ರಾತ್ರಿ ಹತ್ತೂವರೆಗೆ ತಲುಪಿದಾಗಿನ ಹಸಿವು. ಆಗ ಅಡುಗೆಮನೆ ಮುಚ್ಚಿರುತ್ತದೆ, ಸಿಗೋದು ಎಣ್ಣೆಯದ್ದೇ. ಅದಕ್ಕೆ ಸಂಜೆ ಆರಕ್ಕೆ ದಾರಿಯಲ್ಲೇ ಹುರಿದ ಬೀಜ, ಒಂದು ಹಣ್ಣು ತಿಂದುಬಿಡುತ್ತೇನೆ. ತಲುಪಿದಾಗ ಮಲಗುವಷ್ಟು ಶಾಂತಿ ಇರುತ್ತದೆ.

ನಿದ್ದೆ ಮಾತ್ರ ಇವತ್ತಿಗೂ ಪೂರ್ತಿ ಕೈಗೆ ಸಿಕ್ಕಿಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದಿದ್ದರೆ ನಿಮ್ಮ ತಪ್ಪಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಪ್ರಕಾರ, ಆ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢ ನಿದ್ದೆಗೆ ಇಳಿಯೋದಿಲ್ಲ, ಸಣ್ಣ ಸದ್ದಿಗೂ ಕಿವಿ ಕೊಟ್ಟಿರುತ್ತದೆ. ಅದೇ ಜನ ಮತ್ತೊಮ್ಮೆ ಅಲ್ಲೇ ಮಲಗಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಮೇಲೆ ನಾನು ಒಂದು ಊರಿಗೆ ಎರಡನೇ ಸಲ ಹೋದರೆ ಅದೇ ಹೋಟೆಲ್, ಸಿಕ್ಕರೆ ಅದೇ ರೂಮು ಕೇಳುತ್ತೇನೆ. ದಿಂಬಿನ ಕವರು ಮನೆಯದ್ದೇ ಒಯ್ಯುತ್ತೇನೆ, ನಮ್ಮನೆ ಸೋಪಿನ ವಾಸನೆ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಕಾಫಿ ಇಲ್ಲ. ಕುಡಿದ ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ದೂರದ ದೇಶಕ್ಕೆ ಹೋದಾಗ ಮೈಯ ಗಡಿಯಾರ ದಿನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆಯಷ್ಟೇ ಸರಿಯುತ್ತದೆ, ಪೂರ್ವಕ್ಕೆ ಹೋದರೆ ಇನ್ನೂ ಕಷ್ಟ. ಎರಡು ದಿನದ ಕೆಲಸಕ್ಕೆ ಹೋದಾಗ ಅದರ ಜೊತೆ ಗುದ್ದಾಡೋದು ಸುಮ್ನೆ ದಂಡ ಅಂತ ಬಿಟ್ಟಿದ್ದೇನೆ.

ವಿಮಾನದ ಬಗ್ಗೆ ಎರಡೇ ಮಾತು. ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ, ಹೊಟ್ಟೆಯ ಗಾಳಿ ಉಬ್ಬುತ್ತದೆ, ಅದಕ್ಕೇ ಸೋಡಾ ಬೇಡ, ಬಿಗಿ ಪ್ಯಾಂಟೂ ಬೇಡ. ನಾಲ್ಕು ಗಂಟೆಗಿಂತ ಜಾಸ್ತಿ ಕೂರೋದಿದ್ದರೆ, ಬಸ್ಸಾಗಲಿ ವಿಮಾನವಾಗಲಿ, ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ನಾನು ನಡುದಾರಿ ಪಕ್ಕದ ಸೀಟು ಹಿಡಿದು ಗಂಟೆಗೊಮ್ಮೆ ಎದ್ದು ಬರುತ್ತೇನೆ, ಕೂತಲ್ಲೇ ಪಾದ ಆಡಿಸುತ್ತೇನೆ. ಪಕ್ಕದವರಿಗೆ ಕಿರಿಕಿರಿ ಆಗಬಹುದು. ಆಗಲಿ.

ಪ್ರಯಾಣದ ದಿನವನ್ನು ನಾನು ಲೆಕ್ಕಕ್ಕೇ ಹಿಡಿಯೋದಿಲ್ಲ. ರಾತ್ರಿ ಬಸ್ಸಿಳಿದ ಬೆಳಿಗ್ಗೆ ಹತ್ತು ನಿಮಿಷವೂ ಇಲ್ಲ, ಏನೂ ಇಲ್ಲ, ಬರೀ ಸ್ನಾನ. ನಾನು ಎಡವುತ್ತಿದ್ದದ್ದು ಮನೆಗೆ ಬಂದ ಮೇಲೆ. ಬ್ಯಾಗು ಮೂರು ದಿನ ಹಾಲಿನಲ್ಲೇ ಬಿದ್ದಿರುತ್ತಿತ್ತು, ಶೂ ಅದರೊಳಗೆ. ಶೂ ಬಾಗಿಲ ಹತ್ತಿರ ಇಲ್ಲ ಅಂದರೆ ವಾಕಿಂಗೂ ಇಲ್ಲ. ಈಗ ಎಷ್ಟೇ ಹೊತ್ತಾಗಿ ಬರಲಿ, ಬ್ಯಾಗಿನಿಂದ ಶೂ ಒಂದನ್ನು ತೆಗೆದು ಅದರ ಜಾಗಕ್ಕೆ ಇಟ್ಟೇ ಮಲಗೋದು.

ಹೋಟೆಲಿನ ಪರದೆಗಳ ಮಧ್ಯೆ ಬೆಳಕು ಬರುವ ಸಂದಿ ಒಂದು ಇದ್ದೇ ಇರುತ್ತದೆ. ಅದನ್ನು ಮುಚ್ಚೋಕೆ ಅಲ್ಲಿನ ಬೀರುವಿನ ಪ್ಯಾಂಟ್ ಹ್ಯಾಂಗರಿನ ಕ್ಲಿಪ್ ಬಳಸುತ್ತಿದ್ದೆ. ಹೋದ ವರ್ಷ ಹೊರಡುವ ಗಡಿಬಿಡಿಯಲ್ಲಿ ಅದೂ ನನ್ನ ಬಟ್ಟೆ ಜೊತೆ ಬ್ಯಾಗಿಗೆ ಸೇರಿತ್ತು. ನಮ್ಮನೆಯವರು ಅದನ್ನು ಎತ್ತಿ ಹಿಡಿದು, "ಈ ಸಲ ಅಲ್ಲಿಯದ್ದನ್ನೇ ಕರ್ಕೊಂಡು ಬಂದಿದ್ದೀಯಲ್ಲ" ಅಂದರು. ಮುಂದಿನ ತಿಂಗಳು ಅದೇ ಹೋಟೆಲಿಗೆ ಒಯ್ದು ಕೌಂಟರಿನಲ್ಲಿ ವಾಪಸ್ ಕೊಟ್ಟೆ. ಈಗ ಬಟ್ಟೆ ಒಣಗಿಸುವ ಕ್ಲಿಪ್ಪು ಎರಡು ಮನೆಯಿಂದಲೇ ಒಯ್ಯುತ್ತೇನೆ, ಹಲ್ಲುಜ್ಜುವ ಬ್ರಶ್ಶಿನ ಚೀಲದಲ್ಲೇ ಇರುತ್ತವೆ.