ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದ ಊರನ್ನು ಹಳೇ ನಕ್ಷೆಯಲ್ಲಿ ಹುಡುಕುವುದು ಹೇಗೆ?

‘ನಮ್ಮ ಹಳೇ ಮನೆ ಈಗ ನೀರಲ್ಲಿದೆ’ ಅನ್ನುವವರು ಸಾಗರದ ಕಡೆ ಬೇಕಾದಷ್ಟು ಜನ ಇದ್ದಾರೆ. ಆ ಮನೆ ಎಲ್ಲಿತ್ತು ಅಂತ ನೋಡಬೇಕಾ? ಒಂದು ಹಳೇ ನಕ್ಷೆ, ಟ್ರೇಸಿಂಗ್ ಪೇಪರ್, ನೀಲಿ ಪೆನ್ಸಿಲ್ ಇದ್ದರೆ ಸಾಕು.

ಬೇಕಾದದ್ದು ಸರ್ವೆ ಆಫ್ ಇಂಡಿಯಾದ ಒಂದಿಂಚಿನ ನಕ್ಷೆ. ಅಂದರೆ ನೆಲದ ಒಂದು ಮೈಲಿ ಕಾಗದದಲ್ಲಿ ಒಂದು ಇಂಚು. ಜೋಗ, ಲಿಂಗನಮಕ್ಕಿ ಎರಡೂ ಬರುವುದು 48 ಜೆ/16 ಹಾಳೆಯಲ್ಲಿ. ಹಿನ್ನೀರಿನ ದಕ್ಷಿಣದ ಭಾಗಕ್ಕೆ 48 ಕೆ/13 ಕೂಡ ಬೇಕು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಾಗಾಗಿ ಹಾಳೆಯ ಅಂಚಿನಲ್ಲಿ ಸರ್ವೆ ನಡೆದ ವರ್ಷ ನೋಡಿ, ಅದು ಅಣೆಕಟ್ಟಿಗಿಂತ ಹಿಂದಿನದಾಗಿರಬೇಕು. ಅಚ್ಚಾದ ವರ್ಷ ನೋಡಿ ಮೋಸ ಹೋಗಬೇಡಿ.

ಬಣ್ಣಗಳ ಗುರುತು ಸುಲಭ. ಹಸಿರು ಕಾಡು, ಹಳದಿ ಸಾಗುವಳಿ, ನೀಲಿ ನೀರು, ಕೆಂಪು ಚುಕ್ಕೆ ಮನೆ. ಶರಾವತಿಯ ಎರಡೂ ದಡದಲ್ಲಿ ಹಳ್ಳ ಹಿಡಿದು ಮೇಲೆ ಹೋಗುವ ಹಳದಿ ನಾಲಿಗೆಗಳು ಕಂಡರೆ, ಅವೇ ಗದ್ದೆಗಳು.

ಈಗ ನಿಜವಾದ ಕೆಲಸ. ಕಂದು ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಕೂಡಿಸುತ್ತವೆ. ಗೆರೆಯಿಂದ ಗೆರೆಗೆ ಎಷ್ಟು ಅಡಿ ಅಂತ ಹಾಳೆಯ ಕೆಳಗೇ ಬರೆದಿರುತ್ತದೆ. 50 ಅಡಿ ಅಂತಿದ್ದರೆ, ಪ್ರತಿ ಐದನೇ ಗೆರೆ ದಪ್ಪ. 1750ರದ್ದು ದಪ್ಪ ಗೆರೆ, ಅದರ ಮೇಲಿನ ಮೊದಲ ತೆಳು ಗೆರೆ 1800. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅಂದರೆ ದಡ 1800ರ ಗೆರೆಗಿಂತ ತುಸು ಮೇಲೆ. ಟ್ರೇಸಿಂಗ್ ಪೇಪರ್ ಹಾಸಿ ಆ ಗೆರೆಯನ್ನೇ ತಿದ್ದುತ್ತಾ ಹೋಗಿ. ಹಳ್ಳ ಬಂದಲ್ಲಿ ಗೆರೆ ಒಳಗೆ ನುಗ್ಗಿ ವಾಪಸ್ ಬರುತ್ತದೆ, ಅಲ್ಲಿ ಅಡ್ಡದಾರಿ ಹಿಡಿಯಬೇಡಿ. ನಾನು ಮೊದಲ ಸಲ ಒಂದು ಗೆರೆ ತಪ್ಪಾಗಿ ಎಣಿಸಿ, ಒಂದಿಡೀ ಗುಡ್ಡವನ್ನೇ ಮುಳುಗಿಸಿಬಿಟ್ಟಿದ್ದೆ!

ಗೆರೆಯ ಒಳಗೆ ನೀಲಿ ತುಂಬಿ. ಗುಡ್ಡದ ನೆತ್ತಿಗಳು ದ್ವೀಪಗಳಾಗಿ ಉಳಿಯುತ್ತವೆ. ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆಗೆದು ಪಕ್ಕಕ್ಕಿಡಿ, ದ್ವೀಪಗಳ ಆಕಾರ ಹೊಂದಬೇಕು.

ಊರಿನ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಇರುವುದರಿಂದ ಗೊಂದಲ ಜಾಸ್ತಿ. ಸುಮ್ನೆ ಊಹೆ ಮಾಡುವ ಬದಲು ಹಿರಿಯರ ಮುಂದೆ ಒಂದೊಂದೇ ಹೆಸರು ಜೋರಾಗಿ ಓದಿ. ‘ಅದು ಹಾಗಲ್ಲ ಮಾರಾಯಾ’ ಅಂತ ಅವರೇ ತಿದ್ದುತ್ತಾರೆ.

ಬೇಸಿಗೆಯಲ್ಲಿ ನೀರು ತೀರಾ ಇಳಿದರೆ, ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಅದು ನಿಮ್ಮ ನೀಲಿಯೊಳಗೆ ಬಿದ್ದಿದೆಯಾ, ನೋಡಿಕೊಳ್ಳಿ. ಹೊರಗಿದ್ದರೆ ಗೆರೆಗಳನ್ನು ಮತ್ತೆ ಎಣಿಸಿ.