ತಪ್ಪು ರಬ್ಬರಿನದ್ದಾಗಿರಲಿಲ್ಲ

ನನ್ನ 1965ರ ಮಾರಿಸ್ ಮೈನರ್ 1000 ಕಾರಿನ ಬ್ರೇಕ್ ಪೆಡಲ್ ಒಂದು ದಿನ ಮೆತ್ತಗೆ ಕೆಳಗಿಳಿಯತೊಡಗಿತು. ಎರಡು ಸಲ ತುಳಿದರೆ ಗಟ್ಟಿಯಾಗುತ್ತಿತ್ತು. ಹಾಗಾಗಿ ಎರಡು ಸಲ ತುಳಿಯುತ್ತಲೇ ಒಂದಷ್ಟು ದಿನ ದೂಡಿದೆ. ಹೀಗೆ ದೂಡಬಾರದಿತ್ತು. ಆ ಕಾರಿನಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಇರುವುದು ಬ್ರೇಕ್ ಆಯಿಲ್ ಹರಿಯುವ ಒಂದೇ ಕೊಳವೆಜಾಲ. ಎಲ್ಲಾದರೂ ಒಂದು ಕಡೆ ಒಡೆದರೆ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ.

ಹಿಂದಿನ ಎಡ ಚಕ್ರದ ಡ್ರಮ್ ತೆಗೆದಾಗ ಒಳಗೆಲ್ಲ ಬ್ರೇಕ್ ಆಯಿಲಿನಿಂದ ಒದ್ದೆಯಾಗಿತ್ತು. ಆ ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಸೀಲು ಸವೆದು ಅಂಚು ಮಡಚಿಕೊಂಡಿತ್ತು. ಶೂಗಳ ಮೇಲಿನ ಉಜ್ಜುವ ಪದರ, ಅಂದರೆ ಹಳೆಯ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುವ ಸಾಧ್ಯತೆ ಇರುವುದರಿಂದ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆ. ಹೊಸ ಸೀಲು ಹಾಕಿದೆ, ಏರ್ ತೆಗೆದೆ (ಪೆಡಲ್ ತುಳಿಸುತ್ತಾ ಕೊಳವೆಗಳೊಳಗೆ ಸೇರಿದ ಗಾಳಿಯನ್ನು ಹೊರಹಾಕಿದೆ), ಪೆಡಲ್ ಕಲ್ಲಿನಂತೆ ನಿಂತಿತು. ಸಿಲಿಂಡರಿನ ಒಳಗೋಡೆಯನ್ನು ಟಾರ್ಚ್ ಹಾಕಿಯೂ ನೋಡಲಿಲ್ಲ. ಆರು ವಾರದಲ್ಲಿ ಅದೇ ಚಕ್ರ ಮತ್ತೆ ಒದ್ದೆಯಾಯಿತು.

ಎರಡನೆಯ ಸಲ ಸಿಲಿಂಡರನ್ನು ಪೂರ್ತಿ ಬಿಚ್ಚಿ, ಒಳಗೆ ಕಿರುಬೆರಳು ತೂರಿಸಿ ಉಗುರಿನಿಂದ ಸವರಿದೆ. ಕಣ್ಣಿಗೆ ಹೊಳಪಾಗಿಯೇ ಕಂಡ ಲೋಹದಲ್ಲಿ ಉಗುರು ಎರಡು ಕಡೆ ಟಕ್ಕೆಂದು ಸಿಕ್ಕಿಕೊಂಡಿತು. ತಳಭಾಗದಲ್ಲಿ ಸಾಸಿವೆಗಿಂತ ಚಿಕ್ಕ ಗುಳಿಗಳು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯೇ ಅಲ್ಲ. ಅವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತವೆ, ಆ ನೀರಿನಿಂದ ಸಿಲಿಂಡರಿನ ಒಳಗೆ ತುಕ್ಕು ಹಿಡಿಯುತ್ತದೆ. ಗುಳಿ ಬಿದ್ದ ಗೋಡೆಯ ಮೇಲೆ ಎಷ್ಟು ಹೊಸ ಸೀಲು ಹಾಕಿದರೂ ಅರದ ಮೇಲೆ ಉಜ್ಜಿದಂತೆಯೇ. ಎಮರಿ ಕಾಗದದಿಂದ ತಿಕ್ಕಿ ಸರಿಮಾಡುವ ಆಸೆಯನ್ನು ಬಿಟ್ಟೆ. ಗುಳಿ ಮಾಯವಾಗುವಷ್ಟು ತಿಕ್ಕಿದರೆ ರಂಧ್ರವೇ ದೊಡ್ಡದಾಗಿ ಸೀಲು ಸಡಿಲವಾಗುತ್ತದೆ. ಒಳಗೆ ಸ್ಟೇನ್‌ಲೆಸ್ ಉಕ್ಕಿನ ತೆಳು ಕೊಳವೆ (ಸ್ಲೀವ್) ಕೂರಿಸುವುದು ಒಳ್ಳೆಯ ದಾರಿ, ಆದರೆ ಹೊಸ ಸಿಲಿಂಡರೇ ಸಿಗುವಾಗ ಅದರ ಗೊಡವೆ ಬೇಡವೆನಿಸಿತು. ಮುಂದಿನ ಚಕ್ರಗಳಿಗೆ ಎರಡೆರಡು, ಹಿಂದಿನವಕ್ಕೆ ಒಂದೊಂದು, ಒಟ್ಟು ಆರನ್ನೂ ಬದಲಿಸಿದೆ. ನೆನೆದ ಬ್ರೇಕ್ ಶೂಗಳನ್ನು ತೊಳೆದು ಬಳಸುವಂತಿಲ್ಲ. ಒಂದೇ ಚಕ್ರಕ್ಕೆ ಹೊಸದು ಹಾಕಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ಹಿಂದಿನ ಎರಡೂ ಚಕ್ರಗಳ ಶೂಗಳು ಹೊಸವಾದವು.

ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ದೂಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದಲ್ಲಿರುವ ಹಿಂದಿನ ಎಡ ಚಕ್ರದಿಂದ ಏರ್ ತೆಗೆಯಲು ಆರಂಭಿಸಿದೆ. ಇನ್ನೊಂದು ಎಡವಟ್ಟು ಮಾಡಿದ್ದು ಇಲ್ಲಿ. ಸಹಾಯಕ್ಕೆ ಬಂದ ಗೆಳೆಯನಿಗೆ, ‘ಪೂರ್ತಿ ತುಳಿ’ ಎಂದೆ. ಅವನು ಪೆಡಲ್ ನೆಲ ಮುಟ್ಟುವವರೆಗೆ ತುಳಿದ. ದಿನನಿತ್ಯ ಮಾಸ್ಟರ್ ಸಿಲಿಂಡರಿನ ಸೀಲು ಓಡಾಡುವುದು ಸ್ವಲ್ಪ ದೂರ ಮಾತ್ರ. ಅದರಾಚೆಗಿನ ಗೋಡೆಯಲ್ಲಿ ವರ್ಷಗಟ್ಟಲೆಯ ತುಕ್ಕು ಕೂತಿತ್ತು. ಅದರ ಮೇಲೆ ಹಾದ ಸೀಲು ಹರಿದುಹೋಯಿತು. ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಭಾಗವನ್ನು ಕೈಯಾರೆ ಕೆಡಿಸಿದಂತಾಯಿತು. ಈಗ ಪೆಡಲ್ ಅಡಿಗೆ ಮರದ ತುಂಡು ಇಟ್ಟೇ ಏರ್ ತೆಗೆಯುತ್ತೇನೆ.

ಈ ಕಾರಿನ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿಯಲ್ಲಿ, ಚಾಸಿಯ ಒಳಗೆ. ದ್ರವ ತುಂಬಲೂ ನೆಲಹಾಸು ಎತ್ತಬೇಕು. ಎರಡು ಉದ್ದನೆಯ ಬೋಲ್ಟುಗಳಿಂದ ಅದನ್ನು ಬಿಗಿದಿದ್ದಾರೆ. ನಟ್ ಬಿಚ್ಚಿದರೂ ಬೋಲ್ಟ್ ಹೊರಬರಲು ಮುಂಚಕ್ರದ ಟಾರ್ಷನ್ ಬಾರ್ ಅಡ್ಡ. ಕಾರಿನ ಭಾರ ಹೊತ್ತು ತಿರುಚಿಕೊಂಡಿರುವ ಸರಳು ಅದು, ಬರಿಗೈಯಲ್ಲಿ ತಳ್ಳುವಂಥದ್ದಲ್ಲ. ಕಾರನ್ನು ಭದ್ರವಾಗಿ ಸ್ಟ್ಯಾಂಡ್ ಮೇಲೆ ಕೂರಿಸಿ, ಅದರ ಬಿಗಿ ಇಳಿಸಿ, ಪಕ್ಕಕ್ಕೆ ಸರಿಸಲು ಇಡೀ ಒಂದು ಭಾನುವಾರ ಹಿಡಿಯಿತು. ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಅವರ ಜಾಣ್ಮೆಯನ್ನು ಬೇರೆ ದಿನ ಹೊಗಳುತ್ತೇನೆ.

ಹೊಸ ಮಾಸ್ಟರ್ ಸಿಲಿಂಡರ್ ಕೂರಿಸುವಾಗ ಬೋಲ್ಟುಗಳನ್ನು ತಿರುಗಿಸಿ, ತಲೆ ಇದ್ದ ಕಡೆ ನಟ್ ಬರುವಂತೆ ಹಾಕಿದೆ. ಮುಂದಿನ ಸಲ ಟಾರ್ಷನ್ ಬಾರ್ ಮುಟ್ಟದೆಯೇ ಅವು ಹೊರಬರುತ್ತವೆ. ಪೆಡಲ್ ಈಗ ಒಂದೇ ತುಳಿತಕ್ಕೆ ನಿಲ್ಲುತ್ತದೆ. ಆದರೂ ಕಾರು ಹತ್ತುವ ಮೊದಲು ಬಗ್ಗಿ ಹಿಂದಿನ ಎಡ ಚಕ್ರದ ಒಳಬದಿಯನ್ನು ಬೆರಳಿನಿಂದ ಮುಟ್ಟಿ ನೋಡುವ ಚಾಳಿ ಹೋಗಿಲ್ಲ.